ಎರಡು ರೋಡ್ ಬೈಕ್‌ಗೆ ಒಂದೇ ಪವರ್ ಮೀಟರ್: ಪೆಡಲ್ಲೋ, ಕ್ರ್ಯಾಂಕೋ, ಸ್ಪೈಡರೋ?

ಕೊಡಗಿನಲ್ಲಿ ಎರಡು ರೋಡ್ ಬೈಕ್ ಇಟ್ಟುಕೊಳ್ಳೋದಕ್ಕೆ ಮಳೆಯೊಂದೇ ಸಾಕು ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ತುಳಿಯುವುದು ಹಳೇ ಅಲ್ಯೂಮಿನಿಯಂ ಸೈಕಲ್. ರಿಮ್ ಬ್ರೇಕ್, ಮಡ್‌ಗಾರ್ಡ್, ಶಿಮಾನೊ ಕಂಪನಿಯ 105 ಕ್ರ್ಯಾಂಕ್ (ಪೆಡಲ್ ಕೂರುವ ತೋಳುಗಳ ಜೋಡಿ). ಮಳೆ ನಿಂತು ರಸ್ತೆ ಒಣಗಿದ ಮೇಲೆ ಕಾರ್ಬನ್ ಸೈಕಲ್ ಹೊರಗೆ ಬರುತ್ತದೆ. ಅದರಲ್ಲಿ ಡಿಸ್ಕ್ ಬ್ರೇಕ್, ಸ್ರಾಮ್ ಕಂಪನಿಯ ರೈವಲ್ ಕ್ರ್ಯಾಂಕ್. ಎರಡರಲ್ಲೂ ವ್ಯಾಟ್, ಅಂದರೆ ತುಳಿಯುವ ಶಕ್ತಿಯ ಲೆಕ್ಕ, ನೋಡಬೇಕು. ಅದನ್ನು ಅಳೆಯುವುದೇ ಪವರ್ ಮೀಟರ್. ಆದರೆ ಎರಡೆರಡು ಮೀಟರ್ ಕೊಳ್ಳುವಷ್ಟು ಕಾಫಿ ರೇಟ್ ಯಾವ ವರ್ಷವೂ ಇರುವುದಿಲ್ಲ.

ವ್ಯಾಟ್ ಯಾಕೆ ಬೇಕು ಅಂತ ಕೇಳುವವರಿಗೆ ಒಂದು ಮಾತು. ಇಲ್ಲಿ ಸ್ಪೀಡ್ ನೋಡಿ ಏನೂ ಗೊತ್ತಾಗುವುದಿಲ್ಲ. ಮೂರ್ನಾಡಿನಿಂದ ನಾಪೋಕ್ಲು ಕಡೆ ಹೊರಟರೆ ಒಂದು ಏರು, ಒಂದು ಇಳಿಜಾರು, ತಿರುವು ದಾಟಿದರೆ ಮತ್ತೆ ಏರು. ಎದೆಬಡಿತ ಮೇಲೇರುವ ಹೊತ್ತಿಗೆ ಆ ಏರು ಮುಗಿದಿರುತ್ತದೆ. ಕಾಲು ಈಗ ಎಷ್ಟು ಕೆಲಸ ಮಾಡುತ್ತಿದೆ ಅನ್ನೋದನ್ನು ಆಗಿಂದಾಗಲೇ ಹೇಳುವುದು ವ್ಯಾಟ್ ಮಾತ್ರ. (ಸಿದ್ದಾಪುರದ ಕಡೆ ಬೆಳಗಿನ ಜಾವ ಆನೆ ರಸ್ತೆಗೆ ಬಂದಾಗ ಎಷ್ಟು ವ್ಯಾಟ್ ಹೊರಡುತ್ತದೆ ಅನ್ನೋದು ಬೇರೆ ವಿಷಯ. ಆ ರಸ್ತೆಗೆ ಬೆಳಕಾದ ಮೇಲೇ ಹೋಗಿ.)

ಎಲ್ಲ ಮೀಟರ್‌ಗಳ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಆ ಬಾಗುವಿಕೆಯನ್ನು ಅಳೆಯುತ್ತದೆ. ಅದಕ್ಕೆ ಕ್ರ್ಯಾಂಕ್ ತಿರುಗುವ ವೇಗ ಸೇರಿಸಿದರೆ ವ್ಯಾಟ್ ಸಿಗುತ್ತದೆ. 1986ರಲ್ಲಿ ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ ಶುರುಮಾಡಿದ ಎಸ್‌ಆರ್‌ಎಂ ಕಂಪನಿ ಈ ಗೇಜನ್ನು ಕ್ರ್ಯಾಂಕಿನಲ್ಲಿ ಕೂರಿಸಿತು. ಆಮೇಲೆ ಬಂದವರು ಹಿಂದಿನ ಹಬ್‌ನಲ್ಲಿ (ಚಕ್ರದ ನಡುಭಾಗ), ಎಡಗಡೆ ಕ್ರ್ಯಾಂಕ್ ತೋಳಿನಲ್ಲಿ, ಪೆಡಲ್‌ನಲ್ಲಿ ಕೂರಿಸಿದರು. ಎರಡು ಸೈಕಲ್ ಇರುವವರಿಗೆ ಗೇಜ್ ಎಲ್ಲಿ ಕೂತಿದೆ ಅನ್ನೋದೇ ಮುಖ್ಯ. ಡಬ್ಬದ ಮೇಲೆ ಬರೆದ ಪ್ಲಸ್ ಆರ್ ಮೈನಸ್ 1 ಪರ್ಸೆಂಟ್, ಒಂದೂವರೆ ಪರ್ಸೆಂಟ್ ಎಲ್ಲ ಆಮೇಲಿನ ಮಾತು.

ಹಬ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಚಕ್ರ ಬದಲಿಸಿದರೆ ಮೀಟರೂ ಬದಲಾಯಿತು, ಇಷ್ಟು ಸುಲಭ ಬೇರೆ ಯಾವುದೂ ಇಲ್ಲ. ಆದರೆ ನನ್ನ ಒಂದು ಸೈಕಲ್ ರಿಮ್ ಬ್ರೇಕ್, ಇನ್ನೊಂದು ಡಿಸ್ಕ್. ಹಿಂದಿನ ಆಕ್ಸಲ್ ಕೂಡ ಒಂದರಲ್ಲಿ 130 ಮಿ.ಮೀ., ಇನ್ನೊಂದರಲ್ಲಿ 142. ಒಂದರ ಚಕ್ರ ಇನ್ನೊಂದಕ್ಕೆ ಕೂರುವುದೇ ಇಲ್ಲ. ಹಾಗಾಗಿ ಅದನ್ನು ಟ್ರೈ ಮಾಡುವ ಮಾತೇ ಬರಲಿಲ್ಲ.

ಸ್ಪೈಡರ್ ಮೀಟರನ್ನು ಮೈಸೂರಿನ ಗೆಳೆಯನಿಂದ ತಂದು ಕಾರ್ಬನ್ ಸೈಕಲ್‌ಗೆ ಹಾಕಿದ್ದೆ. ಚೈನ್‌ರಿಂಗ್‌ಗೂ (ಚೈನ್ ಕೂರುವ ಮುಂದಿನ ಹಲ್ಲಿನ ಚಕ್ರ) ಕ್ರ್ಯಾಂಕ್‌ಗೂ ನಡುವೆ ಕೂರುವ ಭಾಗ ಇದು. ಅಂಕಿ ನೋಡುತ್ತಿದ್ದರೆ ಖುಷಿಯಾಗುತ್ತದೆ, ಅಷ್ಟು ನಿಧಾನ, ಅಷ್ಟು ಸ್ಥಿರ. ಎರಡೂ ಕಾಲಿನ ಬಲ ಒಟ್ಟಾಗಿ ಇದರ ಮೂಲಕವೇ ಚೈನ್‌ಗೆ ಹೋಗುವುದರಿಂದ ಯಾವುದನ್ನೂ ಊಹಿಸಿ ಹೇಳಬೇಕಿಲ್ಲ. ಮಳೆಗೂ ಜಗ್ಗಲಿಲ್ಲ. ನನಗೆ ಒಂದೇ ಸೈಕಲ್ ಇದ್ದಿದ್ದರೆ ಸುಮ್ನೆ ಇದನ್ನೇ ತಗೊಂಡು ಕೂತಿರುತ್ತಿದ್ದೆ.

ಆದರೆ ಇದನ್ನು ಇನ್ನೊಂದು ಸೈಕಲ್‌ಗೆ ಹಾಕುವುದು ಅಂದರೆ ಇಡೀ ಕ್ರ್ಯಾಂಕ್‌ಸೆಟ್ ಕಿತ್ತು ಹಾಕುವುದು. ಸ್ರಾಮ್ ಡಬ್ ಕ್ರ್ಯಾಂಕಿನ ಆಕ್ಸಲ್ ದಪ್ಪ 28.99 ಮಿ.ಮೀ., ಶಿಮಾನೊ ಹಾಲೋಟೆಕ್‌ನದ್ದು 24. ಅಂದರೆ ಬಾಟಮ್ ಬ್ರ್ಯಾಕೆಟ್ಟೂ (ಆ ಆಕ್ಸಲ್ ತಿರುಗುವ ಬೇರಿಂಗ್) ಬದಲಾಗಬೇಕು. ಚೈನ್‌ರಿಂಗ್ ಹಲ್ಲಿನ ಲೆಕ್ಕ ಬೇರೆಯಾದರೆ ಚೈನನ್ನು ಪಕ್ಕಕ್ಕೆ ಸರಿಸುವ ಮುಂದಿನ ಡಿರೇಲರ್ ಎತ್ತರ ಕೂಡ ಸರಿ ಮಾಡಬೇಕು. ವರ್ಷಕ್ಕೆರಡು ಸಲ ಮಾಡಬಹುದೇನೋ. ವಾರ ವಾರ ಯಾರು ಮಾಡುತ್ತಾರೆ? ಅದೂ ಇಂಥ ಕೆಲಸಕ್ಕೆ ನಾನು ಮೈಸೂರಿಗೇ ಹೋಗಬೇಕು.

ಎಡಗಡೆ ಕ್ರ್ಯಾಂಕ್ ಮೀಟರ್ ಸಿಕ್ಕಿದ್ದು ವಿರಾಜಪೇಟೆಯ ನನ್ನ ಭಾವನಿಂದ. ಅವರ ಹತ್ತಿರವೂ ಎರಡು ಸೈಕಲ್, ಅವರದ್ದೂ ಇದೇ ತಲೆನೋವು. 105 ತೋಳಿನ ಒಳಮೈಗೆ ಒಂದು ಚಿಕ್ಕ ಪೆಟ್ಟಿಗೆ ಅಂಟಿಸಿರುತ್ತಾರೆ, ಅಷ್ಟೇ. ಸ್ಟೇಜಸ್, ಫೋರ್‌ಐ ಕಂಪನಿಗಳು ಜನಪ್ರಿಯ ಮಾಡಿದ ಬಗೆ ಇದು. ಸಿಆರ್ 2032 ಬ್ಯಾಟರಿ ಕುಶಾಲನಗರದ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಬೆಲೆಯೂ ಕಡಿಮೆ.

ಎರಡೂ ಸೈಕಲ್‌ನಲ್ಲಿ ಶಿಮಾನೊ ಕ್ರ್ಯಾಂಕ್ ಇದ್ದು, ಉದ್ದವೂ ಒಂದೇ ಆಗಿದ್ದರೆ ತೋಳನ್ನು ಇಲ್ಲಿಂದ ಅಲ್ಲಿಗೆ ಹಾಕಬಹುದು. 5 ಮಿ.ಮೀ. ಅಲೆನ್ ಕೀಯಲ್ಲಿ ಎರಡು ಬೋಲ್ಟ್ ಸಡಿಲಿಸಿ, ತುದಿಯ ಪ್ಲಾಸ್ಟಿಕ್ ಕ್ಯಾಪನ್ನು ಅದರದ್ದೇ ಟೂಲ್‌ನಿಂದ ಬಿಚ್ಚಿ, ನಡುವಿನ ಚಿಕ್ಕ ಪಿನ್ ಎತ್ತಿದರೆ ತೋಳು ಕೈಗೆ ಬರುತ್ತದೆ. ತಿರುಗಿ ಹಾಕುವಾಗ ಬೋಲ್ಟ್‌ಗಳನ್ನು 12ರಿಂದ 14 ನ್ಯೂಟನ್ ಮೀಟರ್‌ಗೆ ಸಮವಾಗಿ ಬಿಗಿಯಬೇಕು. ಟಾರ್ಕ್ ವ್ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿಯುವ ಜಾಗ ಇದಲ್ಲ. ಹಾಕುವ ಮುಂಚೆ ಇನ್ನೊಂದು ನೋಡಬೇಕು: ತೋಳಿನ ಒಳಗಿನ ಪೆಟ್ಟಿಗೆ ಫ್ರೇಮ್‌ನ ಚೈನ್‌ಸ್ಟೇಗೆ (ಹಿಂದಿನ ಚಕ್ರದ ಕಡೆ ಹೋಗುವ ಕೆಳಗಿನ ಕೊಳವೆ) ತಾಗುತ್ತದಾ ಅಂತ. ಹಳೇ ಸೈಕಲ್‌ನಲ್ಲಿ ಜಾಗ ಸಾಕಷ್ಟಿತ್ತು. ಕಾರ್ಬನ್ ಸೈಕಲ್‌ನಲ್ಲಿ ಸ್ರಾಮ್ ಆಕ್ಸಲ್ ಇರುವುದರಿಂದ ತೋಳು ಕೂರುವ ಪ್ರಶ್ನೆಯೇ ಇರಲಿಲ್ಲ.

ಮಳೆಯಲ್ಲಿ ಈ ಮೀಟರ್ ಕೈಕೊಟ್ಟಿತು. ಬ್ಯಾಟರಿ ಮುಚ್ಚಳದ ಒಳಗೆ ನೀರು ಹೋಗಿ ಭಾಗಮಂಡಲದ ದಾರಿಯಲ್ಲಿ ಅಂಕಿ ಬಂದು ಬಂದು ಹೋಗತೊಡಗಿತು. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ, ಹಳೇ ಮಾಡೆಲ್, ರಬ್ಬರ್ ರಿಂಗ್ ಸವೆದಿತ್ತು. ರಿಂಗ್ ಬದಲಿಸಿ ಸಿಲಿಕೋನ್ ಗ್ರೀಸ್ ಸವರಿದ ಮೇಲೆ ನಿಂತಿತು.

ನನಗೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಎಡಗಡೆ ಮೀಟರ್ ಬರೀ ಎಡಗಾಲಿನ ಬಲ ಅಳೆದು ಅದನ್ನು ಎರಡರಿಂದ ಗುಣಿಸುತ್ತದೆ. ನನ್ನ ಎಡಗಾಲು ಸ್ವಲ್ಪ ಸೋಮಾರಿ. ಪೆಡಲ್ ಮೀಟರ್ ಹಾಕಿ ನೋಡಿದಾಗ ಎಡಗಾಲು 48 ಪರ್ಸೆಂಟ್, ಬಲಗಾಲು 52. ಅಂದರೆ ನಿಜಕ್ಕೂ 200 ವ್ಯಾಟ್ ತುಳಿಯುತ್ತಿದ್ದರೆ ಇದು 192 ತೋರಿಸುತ್ತದೆ. ಯಾವಾಗಲೂ ಅದೇ 8 ವ್ಯಾಟ್ ಕಡಿಮೆ ಅಂತಿದ್ದರೆ ಪರವಾಗಿಲ್ಲ, ಲೆಕ್ಕ ಹಾಕಿಕೊಳ್ಳಬಹುದು. ಸಂಪಾಜೆಯಿಂದ ಮಡಿಕೇರಿ ಹತ್ತುವಾಗ ಕೆಳಗೆ ಒಂದು ತರ, ಮೇಲೆ ಸುಸ್ತಾದಾಗ ಇನ್ನೊಂದು ತರ ವಾಲುತ್ತದೆ. ಆಗ ಲೆಕ್ಕ ಕೈತಪ್ಪುತ್ತದೆ.

ಕೆಲವರು ಇನ್ನೊಂದು ಉಪಾಯ ಹೇಳುತ್ತಾರೆ. ದುಬಾರಿ ಪೆಡಲ್ ಜೋಡಿ ಯಾಕೆ, ಎರಡು ಸೈಕಲ್‌ಗೂ ಒಂದೊಂದು ಎಡಗಡೆ ಕ್ರ್ಯಾಂಕ್ ಹಾಕಿಬಿಡಿ, ಬಿಚ್ಚುವ ಗೋಜೇ ಇಲ್ಲ ಅಂತ. ಕೇಳಲು ಚೆನ್ನಾಗಿದೆ. ಆದರೆ ಒಂದು ಮೀಟರ್ ಒಂದೂವರೆ ಪರ್ಸೆಂಟ್ ಮೇಲೆ, ಇನ್ನೊಂದು ಅಷ್ಟೇ ಕೆಳಗೆ ಇದ್ದರೆ ಎರಡೂ ಕಂಪನಿ ಹೇಳಿದ ಮಿತಿಯೊಳಗೇ ಇವೆ, ನಿಮ್ಮ ಎರಡು ಸೈಕಲ್ ನಡುವೆ ಮಾತ್ರ 3 ಪರ್ಸೆಂಟ್ ವ್ಯತ್ಯಾಸ. ತೋಟದಲ್ಲಿ ಕಾಫಿ ಹಣ್ಣು ತೂಗುವಾಗ ಬೆಳಗ್ಗೆ ಒಂದು ತಕ್ಕಡಿ, ಸಂಜೆ ಇನ್ನೊಂದು ಇಟ್ಟರೆ ಕುಯ್ಯುವವರು ಒಪ್ಪುತ್ತಾರಾ? ತಕ್ಕಡಿ ಒಂಚೂರು ಸುಳ್ಳು ಹೇಳಿದರೂ ಎಲ್ಲ ಚೀಲಕ್ಕೂ ಒಂದೇ ಸುಳ್ಳು ಹೇಳಬೇಕು. ನನಗೆ ಬೇಕಾಗಿದ್ದೂ ಅದೇ. ಆಗಸ್ಟಿನಲ್ಲಿ ಹಳೇ ಸೈಕಲ್‌ನಲ್ಲಿ ತುಳಿದ 200 ವ್ಯಾಟ್, ಡಿಸೆಂಬರಿನಲ್ಲಿ ಹೊಸದರಲ್ಲಿ ತುಳಿದ 200 ವ್ಯಾಟ್ ಒಂದೇ ಆಗಿರಬೇಕು.

ಅದಕ್ಕೇ ಪೆಡಲ್. ನಾನು ತಗೊಂಡಿದ್ದು ಫಾವೆರೊ ಅಸಿಯೋಮಾ ಡುವೋ, ಇಟಲಿಯದ್ದು, ಎರಡೂ ಪೆಡಲ್‌ನಲ್ಲಿ ಸೆನ್ಸರ್, ಲುಕ್ ಕಿಯೋ ತರದ ಕ್ಲೀಟ್ (ಶೂ ತಳಕ್ಕೆ ಬಿಗಿದು ಪೆಡಲ್‌ಗೆ ಕಚ್ಚಿಸುವ ತುಂಡು). ಒಂದು 8 ಮಿ.ಮೀ. ಅಲೆನ್ ಕೀ ಇದ್ದರೆ ಕಾಫಿ ಕುದಿಯುವಷ್ಟರಲ್ಲಿ ಒಂದು ಸೈಕಲ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ. ಎಡಗಡೆ ಪೆಡಲ್‌ದು ಉಲ್ಟಾ ಥ್ರೆಡ್ ಅನ್ನೋದು ನೆನಪಿರಲಿ. ಎರಡೂ ಕಡೆಗೆ ನಡೆಯುವ ಸುಲಭ ಸೂತ್ರ: ಕೀ ಮೇಲ್ಮುಖವಾಗಿದ್ದಾಗ ಹಿಂದಿನ ಚಕ್ರದ ಕಡೆ ಎಳೆದರೆ ಬಿಚ್ಚುತ್ತದೆ, ಮುಂದಿನ ಚಕ್ರದ ಕಡೆ ಎಳೆದರೆ ಬಿಗಿಯುತ್ತದೆ. ಥ್ರೆಡ್‌ಗೆ ಗ್ರೀಸ್ ಹಾಕಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಪದೇ ಪದೇ ಬಿಚ್ಚುವವರು ಇದನ್ನು ಬಿಟ್ಟರೆ ಕ್ರ್ಯಾಂಕ್ ಥ್ರೆಡ್ ಕೆಡುತ್ತದೆ, ಆಗ ಮೀಟರ್ ಉಳಿಸಿದ ದುಡ್ಡು ಕ್ರ್ಯಾಂಕ್‌ಗೆ ಹೋಗುತ್ತದೆ.

ಪೆಡಲ್ ಬದಲಿಸುವವರು ಮರೆಯುವುದು ಕ್ರ್ಯಾಂಕ್ ಉದ್ದ. ಹಳೇ ಸೈಕಲ್‌ದು 170 ಮಿ.ಮೀ., ಹೊಸದರದ್ದು 172.5. ಪೆಡಲ್‌ಗೆ ತಾನು ಎಷ್ಟುದ್ದದ ತೋಳಿನ ತುದಿಯಲ್ಲಿ ಕೂತಿದ್ದೇನೆ ಅಂತ ತಾನಾಗಿ ಗೊತ್ತಾಗುವುದಿಲ್ಲ, ನಾವೇ ಹೇಳಬೇಕು. ಹೇಳದಿದ್ದರೆ ಸುಮಾರು ಒಂದೂವರೆ ಪರ್ಸೆಂಟ್ ತಪ್ಪು, 200 ವ್ಯಾಟ್‌ನಲ್ಲಿ 3 ವ್ಯಾಟ್. ಸ್ಪೈಡರ್‌ಗೆ ಈ ರಗಳೆ ಇಲ್ಲ. ಕ್ರ್ಯಾಂಕ್ ಉದ್ದ ಸರಿಮಾಡಿ ಸ್ಪೈಡರನ್ನೂ ಪೆಡಲನ್ನೂ ಒಟ್ಟಿಗೆ ಹಾಕಿ, ಒಂದನ್ನು ಸೈಕಲ್ ಕಂಪ್ಯೂಟರ್‌ಗೆ, ಇನ್ನೊಂದನ್ನು ವಾಚ್‌ಗೆ ಜೋಡಿಸಿ ಭಾಗಮಂಡಲದಿಂದ ತಲಕಾವೇರಿಗೆ ಹತ್ತಿದೆ. 8 ಕಿ.ಮೀ. ಏರು, ಸಿಗ್ನಲ್ ಇಲ್ಲ, ನಿಲ್ಲುವ ಕಾರಣವಿಲ್ಲ. ಹೋಲಿಕೆ ಮಾಡಲು ಇದಕ್ಕಿಂತ ಒಳ್ಳೆ ರಸ್ತೆ ನನಗೆ ಗೊತ್ತಿಲ್ಲ. ಮೇಲೆ ಹೋಗಿ ಸರಾಸರಿ ನೋಡಿದರೆ ಎರಡರ ನಡುವೆ 2-3 ವ್ಯಾಟ್ ವ್ಯತ್ಯಾಸ. ಅಲ್ಲಿಗೆ ಪೆಡಲ್ ಮೇಲಿನ ಅನುಮಾನ ಹೋಯಿತು.

ಚಳಿಯ ವಿಷಯ ಎಲ್ಲ ಮೀಟರ್‌ಗೂ ಒಂದೇ. ಮನೆಯೊಳಗಿನ ಬೆಚ್ಚಗಿನ ಸೈಕಲನ್ನು ಡಿಸೆಂಬರ್ ಬೆಳಗಿನ ಮಂಜಿಗೆ ತಂದು ತಕ್ಷಣ ಜೀರೋ ಮಾಡಿದರೆ (ಕಾಲು ಇಡದಿದ್ದಾಗಿನ ಅಳತೆಯನ್ನು ಸೊನ್ನೆ ಅಂತ ಮೀಟರ್‌ಗೆ ಹೇಳಿದರೆ) ಲೋಹ ತಣ್ಣಗಾಗುತ್ತಾ ಅಂಕಿ ಜಾರುತ್ತದೆ. ಹತ್ತು ಹದಿನೈದು ನಿಮಿಷ ಹೊರಗಿಟ್ಟು ಆಮೇಲೆ ಜೀರೋ ಮಾಡಿ. ಪೆಡಲ್ ಬದಲಿಸಿದ ದಿನ ನಾಲ್ಕಾರು ಸಲ ಜೋರಾಗಿ ತುಳಿದು ಇನ್ನೊಮ್ಮೆ ಜೀರೋ ಮಾಡುವುದು ಒಳ್ಳೆಯದು.

ಚಾರ್ಜ್ ಬಗ್ಗೆ ಮೊದಲು ಭಯ ಇತ್ತು. ಜುಲೈನಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಆದರೆ ಒಮ್ಮೆ ಚಾರ್ಜ್ ಮಾಡಿದರೆ ಕಂಪನಿ 50 ಗಂಟೆ ಹೇಳುತ್ತದೆ, ಪವರ್ ಬ್ಯಾಂಕ್‌ನಿಂದಲೂ ಆಗುತ್ತದೆ. ನಾಣ್ಯದಂಥ ಬ್ಯಾಟರಿಯೇ ಇಷ್ಟ ಅನ್ನುವವರಿಗೆ ಗಾರ್ಮಿನ್ ರ‍್ಯಾಲಿಯ ಮೊದಲಿನ ಮಾಡೆಲ್‌ಗಳಿವೆ.

ಪೆಡಲ್ ಸೋಲುವುದು ಕೆಸರಿನಲ್ಲಿ. ರೋಡ್ ಶೂನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್‌ಗೆ ನಮ್ಮ ಕೆಂಪು ಮಣ್ಣು ಮೆತ್ತಿಕೊಂಡರೆ ಪೆಡಲ್‌ಗೆ ಕಚ್ಚುವುದೇ ಇಲ್ಲ. ಟೀ ಅಂಗಡಿ ಮುಂದೆ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ಆಮೇಲೆ ಕಡ್ಡಿ ಹುಡುಕಿ ಕೆರೆಯಬೇಕು. ಕೆರೆಯುತ್ತಾ ಹುಲ್ಲಲ್ಲಿ ನಿಂತರೆ ಸಾಕ್ಸ್ ಒಳಗೆ ಜಿಗಣೆ. ಮಳೆಗಾಲಕ್ಕೆ ಎರಡು ಬೋಲ್ಟಿನ ಎಸ್‌ಪಿಡಿ ಕ್ಲೀಟ್ ಸರಿ, ಅದು ಶೂ ತಳದೊಳಗೆ ಹುದುಗಿರುತ್ತದೆ, ನಡೆಯಲೂ ಬರುತ್ತದೆ. ಮಳೆಗಾಲದಲ್ಲೂ ವ್ಯಾಟ್ ಬಿಡುವುದಿಲ್ಲ ಅನ್ನುವವರು ಇದನ್ನು ಯೋಚಿಸಿಯೇ ಪೆಡಲ್ ಆರಿಸಬೇಕು. ಗಾರ್ಮಿನ್ ರ‍್ಯಾಲಿಯಲ್ಲಿ ಪೆಡಲ್ ಮೈ ಬದಲಿಸುವ ಕಿಟ್ ಸಿಗುತ್ತದೆ, ಅದೇ ಸೆನ್ಸರ್ ಇಟ್ಟುಕೊಂಡು ರೋಡ್ ಕ್ಲೀಟ್‌ನಿಂದ ಎಸ್‌ಪಿಡಿಗೆ ಹೋಗಬಹುದು. ಫಾವೆರೊದಲ್ಲೂ ಎಸ್‌ಪಿಡಿಗೆ ಪ್ರೊ ಎಂಎಕ್ಸ್ ಇದೆ. ನಾನು ಮಾತ್ರ ರೋಡ್ ಕ್ಲೀಟ್‌ನಲ್ಲೇ ಇದ್ದೇನೆ, ಟೀ ಅಂಗಡಿಯಲ್ಲಿ ಸಿಮೆಂಟ್ ಜಗಲಿ ಇರುವ ಕಡೆಯೇ ಇಳಿಯುತ್ತೇನೆ.

ಸೈಕಲ್ ಬಿದ್ದರೆ ಮೊದಲು ನೆಲಕ್ಕೆ ತಾಗುವುದೂ ಪೆಡಲ್ಲೇ ಅನ್ನೋದನ್ನು ಮುಚ್ಚಿಡುವುದಿಲ್ಲ. ಸ್ಪೈಡರ್‌ಗೆ ಆ ಅಪಾಯ ಕಡಿಮೆ.

ಭಾವ ಈಗ ತಮ್ಮ ಎಡಗಡೆ ಕ್ರ್ಯಾಂಕ್ ಮಾರಲು ಹೊರಟಿದ್ದಾರೆ. "ಡುವೋನೇ ತಗೊಳ್ಳಲಾ?" ಅಂತ ಕೇಳಿದರು. ಬೇಡ ಭಾವ, ಯುನೋ ತಗೊಳ್ಳಿ ಅಂದೆ. ಅದರಲ್ಲಿ ಸೆನ್ಸರ್ ಎಡಗಡೆ ಮಾತ್ರ, ಬೆಲೆ ಕಡಿಮೆ. ಎರಡರಿಂದ ಗುಣಿಸುವ ಕಥೆ ಅಲ್ಲೂ ಇದೆ, ಆದರೆ ಎರಡೂ ಸೈಕಲ್‌ನಲ್ಲಿ ಗುಣಿಸುವುದು ಅದೇ ಪೆಡಲ್. ಮುಂದೆ ಬೇಕೆನಿಸಿದರೆ ಬಲಗಡೆಯ ಸೆನ್ಸರ್ ಪೆಡಲ್ ಕೊಂಡು ಡುವೋ ಮಾಡಿಕೊಳ್ಳಬಹುದು. ನನ್ನ ಪೆಡಲ್ ಹಾಕಿ ನೋಡಿದಾಗ ಅವರ ಎರಡು ಕಾಲೂ ಹೆಚ್ಚುಕಡಿಮೆ ಸಮವಾಗಿಯೇ ಇದ್ದವು, ಏರಿನ ಕೊನೆಯವರೆಗೂ. ಅಂಥವರಿಗೆ ಡುವೋ ಯಾಕೆ? ಮಿಕ್ಕ ದುಡ್ಡಲ್ಲಿ ಒಂದು ಟಾರ್ಕ್ ವ್ರೆಂಚ್ ತಗೊಳ್ಳಿ ಅಂತಲೂ ಹೇಳಿದೆ. ಅದು ನಿಮ್ಮ ಹತ್ತಿರ ಇದೆಯಲ್ಲ, ನಾನ್ಯಾಕೆ ತಗೊಳ್ಳಲಿ ಅಂದರು.