ಬಿಲ್ ಸರಿ, ಆದಾಯ ಸರಿಯೇ? ವಿಮಾನ ನಿಲ್ದಾಣಗಳ ಬಿಲ್ಲಿಂಗ್ ತಂತ್ರಾಂಶಗಳ ವಿಮರ್ಶೆ

ವಿಮಾನ ನಿಲ್ದಾಣಗಳಿಗೆಂದೇ ಮಾರುವ ಸಿದ್ಧ ಬಿಲ್ಲಿಂಗ್ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು, ವಿಮಾನಯಾನ ಕಂಪನಿಗಳು ಕೊಡುವ ಶುಲ್ಕಗಳದ್ದು. ಇನ್ನೊಂದು, ಅಂಗಡಿ, ಹೋಟೆಲು, ಜಾಹೀರಾತು, ಕಾರ್ ಪಾರ್ಕಿಂಗ್‌ಗಳದ್ದು. ಮೊದಲನೆಯದನ್ನು ಧೈರ್ಯವಾಗಿ ಕೊಳ್ಳಬಹುದು. ಎರಡನೆಯದನ್ನು ಪರೀಕ್ಷಿಸದೆ ಕೊಂಡರೆ ವರ್ಷದ ಕೊನೆಗೆ ಎಕ್ಸೆಲ್ ಹಾಳೆಗಳೇ ಗತಿ. ಕಾರಣ ಸರಳ: ಇವು ಹುಟ್ಟಿದ್ದು ಬಿಲ್ ಮಾಡಲು. ಬಿಲ್ ಹೋದ ದಿನವೇ ಆದಾಯದ ದಿನವಾಗಿರಬೇಕೆಂದೇನೂ ಇಲ್ಲ.

ವಿಮಾನಗಳ ಭಾಗದಲ್ಲಿ ಲೆಕ್ಕ ನೇರ. ಲ್ಯಾಂಡಿಂಗ್ ಶುಲ್ಕಕ್ಕೆ ಗರಿಷ್ಠ ಟೇಕಾಫ್ ತೂಕ ಆಧಾರ, ಪಾರ್ಕಿಂಗ್‌ಗೆ ವಿಮಾನ ಸ್ಟ್ಯಾಂಡಿನಲ್ಲಿ ನಿಂತ ಹೊತ್ತು, ಪ್ರಯಾಣಿಕ ಶುಲ್ಕಕ್ಕೆ ಹೊರಟವರ ತಲೆಎಣಿಕೆ. ಇಲ್ಲಿ ನೋಡಬೇಕಾದ ಮೊದಲ ಸಂಗತಿ, ತೂಕವನ್ನು ತಂತ್ರಾಂಶ ವಿಮಾನದ ಮಾದರಿಯಿಂದ ಎತ್ತಿಕೊಳ್ಳುತ್ತದೋ ನೋಂದಣಿ ಸಂಖ್ಯೆಯಿಂದಲೋ ಎಂಬುದು. ಒಂದೇ ಮಾದರಿಯ ಎರಡು ವಿಮಾನಗಳ ಪ್ರಮಾಣೀಕೃತ ತೂಕ ಬೇರೆ ಬೇರೆ ಇರಬಹುದು. ಮಾದರಿ ನೋಡಿ ಬಿಲ್ ಹಾಕಿದರೆ, ತಪ್ಪು ಬಿಲ್ಲನ್ನು ತಗ್ಗಿಸುವ ಕ್ರೆಡಿಟ್ ನೋಟ್‌ಗಳ ಸಾಲು ಹಿಂದೆಯೇ ಬರುತ್ತದೆ.

ಎರಡನೆಯದು ಗಡಿಯಾರ. ಹಾರಾಟದ ಡೇಟಾಬೇಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯದಲ್ಲಿ ಓಡುತ್ತದೆ, ಲೆಕ್ಕಪುಸ್ತಕ ಸ್ಥಳೀಯ ಸಮಯದಲ್ಲಿ. ಪರಿವರ್ತನೆ ತಪ್ಪಿದರೆ ತಿಂಗಳ ಕೊನೆಯ ರಾತ್ರಿಯ ವಿಮಾನಗಳು ಬೇರೆ ತಿಂಗಳಿಗೆ ಜಾರುತ್ತವೆ. ಡೆಮೊ ಕೇಳುವಾಗ ಇದನ್ನೇ ಕೊಡಿ: 31ರ ರಾತ್ರಿ 11:40ಕ್ಕೆ ಇಳಿದು, 1ರ ಬೆಳಿಗ್ಗೆ 6ಕ್ಕೆ ಹೊರಟ ವಿಮಾನ. ಲ್ಯಾಂಡಿಂಗ್ ಹಳೆಯ ತಿಂಗಳಿಗೆ, ಪ್ರಯಾಣಿಕ ಶುಲ್ಕ ಹೊಸ ತಿಂಗಳಿಗೆ, ಪಾರ್ಕಿಂಗ್ ಎರಡಕ್ಕೂ ಹಂಚಿಕೆಯಾಗಬೇಕು. ಬಂದು ಹೋದದ್ದನ್ನೆಲ್ಲ ಸೇರಿಸಿ, ಹೊರಟ ದಿನ ಒಂದೇ ಬಿಲ್ ಮಾಡುವ ತಂತ್ರಾಂಶ ಬಿಲ್ಲಿನ ತಾರೀಕನ್ನೇ ಆದಾಯಕ್ಕೂ ಹಿಡಿದರೆ ಮೂರನ್ನೂ ಹೊಸ ತಿಂಗಳಿಗೇ ತಳ್ಳುತ್ತದೆ.

ಪ್ರಯಾಣಿಕ ಶುಲ್ಕವನ್ನು ವಿಮಾನಯಾನ ಕಂಪನಿ ಟಿಕೆಟ್ಟಿನಲ್ಲೇ ವಸೂಲು ಮಾಡಿರುತ್ತದೆ. ಆದರೂ ನಿಲ್ದಾಣಕ್ಕೆ ಅದು ಆದಾಯವಾಗುವುದು ಪ್ರಯಾಣಿಕ ಹೊರಟಾಗ. ಮಾರ್ಚ್‌ನಲ್ಲಿ ಮಾರಿದ ಜೂನ್ ಟಿಕೆಟ್ ಜೂನ್‌ನ ಆದಾಯ. ಪ್ರಯಾಣಿಕರ ಸಂಖ್ಯೆಯನ್ನು ಕೊಡುವುದು ಕಂಪನಿಯೇ, ಅದೂ ತಡವಾಗಿ. ಹಾಗಾಗಿ ತಿಂಗಳು ಮುಚ್ಚುವಾಗ ಅಂದಾಜು ಬರೆದು, ಕಂಪನಿ ಘೋಷಿಸಿದ ಸಂಖ್ಯೆ ಬಂದ ಮೇಲೆ ಆ ಅಂದಾಜನ್ನು ತಾನೇ ರಿವರ್ಸ್ (ರದ್ದು) ಮಾಡುವ ಸೌಲಭ್ಯ ಇದೆಯೇ ನೋಡಿ. ಸರ್ಕಾರದ ಪರವಾಗಿ ವಸೂಲು ಮಾಡುವ ತೆರಿಗೆ ಆದಾಯವೇ ಅಲ್ಲ, ಅದು ಕೊಡಬೇಕಾದ ಬಾಕಿ. ಅದು ಬಾಕಿಯ ಖಾತೆಗೇ ಹೋಗುವಂತೆ ಜೋಡಿಸಿದೆಯೇ ಎಂದು ಮೊದಲ ದಿನವೇ ಪರಿಶೀಲಿಸಿ.

ಈ ಭಾಗದಲ್ಲೂ ಎಡವುವ ಜಾಗ ಒಂದಿದೆ: ರಿಯಾಯಿತಿ. ವರ್ಷಕ್ಕೆ 10 ಲಕ್ಷ ಪ್ರಯಾಣಿಕರು ದಾಟಿದರೆ ಮೊದಲ ಪ್ರಯಾಣಿಕನಿಂದಲೇ 8%, ಇಲ್ಲದಿದ್ದರೆ 5% ಎಂಬ ಒಪ್ಪಂದ ಇದೆಯೆನ್ನಿ. ತಲೆಗೆ 500ರಂತೆ ಆರು ತಿಂಗಳಲ್ಲಿ 5.5 ಲಕ್ಷ ಜನ ಹೊರಟರೆ ಒಟ್ಟು ಶುಲ್ಕ 27.5 ಕೋಟಿ. ವರ್ಷದ ಅಂದಾಜು 10 ಲಕ್ಷ ದಾಟುತ್ತದೆ ಎಂದಾದರೆ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ 2.2 ಕೋಟಿಯನ್ನು ಈಗಲೇ ಆದಾಯದಿಂದ ಕಳೆಯಬೇಕು. 5% ಲೆಕ್ಕದಲ್ಲೇ ಕುಳಿತರೆ 82.5 ಲಕ್ಷದಷ್ಟು ಆದಾಯ ಉಬ್ಬಿರುತ್ತದೆ. ಬಿಲ್ಲಿಗೆ ಬೇಕಾದ್ದು ಮುಗಿದ ಹಾರಾಟಗಳ ಲೆಕ್ಕ ಮಾತ್ರ. ಈ ಕಳೆಯುವಿಕೆಗೆ ಮುಂದಿನ ಅಂದಾಜೂ ಬೇಕು. ಅದನ್ನು ತುಂಬಲು ಜಾಗವೇ ಇಲ್ಲದಿದ್ದರೆ ಆ ತಂತ್ರಾಂಶ ಈ ಕೆಲಸಕ್ಕೆ ಬಾರದು.

ಇನ್ನು ಅಂಗಡಿಗಳ ಭಾಗ. ಇಲ್ಲಿ ಹೆಚ್ಚಿನ ಒಪ್ಪಂದಗಳು ಗುತ್ತಿಗೆಗಳು, ಅಂದರೆ 2019ರ ಜನವರಿ 1ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 16 ಎಂಬ ಗುತ್ತಿಗೆ ಮಾನದಂಡದ ಕೆಳಗೆ ಬರುತ್ತವೆ. ಮೊದಲ ಪರೀಕ್ಷೆಗೆ ಐದು ವರ್ಷದ ಗುತ್ತಿಗೆ ತೆಗೆದುಕೊಳ್ಳಿ: ತಿಂಗಳಿಗೆ 10 ಲಕ್ಷ, ಪ್ರತಿ ವರ್ಷ 5% ಏರಿಕೆ, ಮೊದಲ ಮೂರು ತಿಂಗಳು ಬಾಡಿಗೆ ಇಲ್ಲ. ಒಟ್ಟು ಸುಮಾರು 633.08 ಲಕ್ಷ, ಆ ಮಾನದಂಡ ಕೇಳುವಂತೆ 60 ತಿಂಗಳಿಗೆ ಸಮನಾಗಿ ಹಂಚಿದರೆ ತಿಂಗಳಿಗೆ 10.55 ಲಕ್ಷ. ಬಿಲ್ಲೇ ಇಲ್ಲದ ಮೊದಲ ತಿಂಗಳಲ್ಲೂ ಈ ಮೊತ್ತ ಆದಾಯಕ್ಕೆ ಬರಬೇಕು. ಸೊನ್ನೆ ಬಂದರೆ, ಮಾರಾಟಗಾರ ಎಷ್ಟೇ ಚಂದದ ಡ್ಯಾಶ್‌ಬೋರ್ಡ್ ತೋರಿಸಿದರೂ ಎದ್ದು ಬನ್ನಿ.

ಎರಡನೆಯ ಪರೀಕ್ಷೆ ಇನ್ನೂ ಬಿಗಿ. ಡ್ಯೂಟಿ ಫ್ರೀ ಅಂಗಡಿಯ ಗುತ್ತಿಗೆ: ವರ್ಷಕ್ಕೆ 12 ಕೋಟಿ ಕನಿಷ್ಠ ಖಾತರಿ, ಇಲ್ಲವೇ ಮಾರಾಟದ 30%, ಯಾವುದು ಹೆಚ್ಚೋ ಅದು. ಹೋಲಿಕೆ ವರ್ಷದ ಮೊತ್ತಕ್ಕೆ. ಮೊದಲ ಆರು ತಿಂಗಳು ಮಾರಾಟ ತಿಂಗಳಿಗೆ 5 ಕೋಟಿ, ಉಳಿದ ಆರು ತಿಂಗಳು 2 ಕೋಟಿ. ವರ್ಷದ ಮಾರಾಟ 42 ಕೋಟಿ, 30% ಎಂದರೆ 12.6 ಕೋಟಿ, ಬರಬೇಕಾದ್ದು ಅಷ್ಟೇ. ಆದರೆ ತಿಂಗಳು ತಿಂಗಳಿಗೆ ಹೋಲಿಸುವ ತಂತ್ರಾಂಶ ಜೋರು ತಿಂಗಳಲ್ಲಿ 1.5 ಕೋಟಿ, ಮಂದ ತಿಂಗಳಲ್ಲಿ ಖಾತರಿಯ 1 ಕೋಟಿ ಹಿಡಿದು ವರ್ಷಕ್ಕೆ 15 ಕೋಟಿ ಬರೆಯುತ್ತದೆ. 2.4 ಕೋಟಿ ಗಾಳಿಯಲ್ಲಿ ಹುಟ್ಟಿತು! ಸರಿಯಾದ ದಾರಿಯಲ್ಲಿ ಖಾತರಿಯ 1 ಕೋಟಿ ಪ್ರತಿ ತಿಂಗಳೂ ಬರುತ್ತದೆ. ವರ್ಷದ ಮೊದಲಿಂದ ಕೂಡಿದ ಮಾರಾಟ 40 ಕೋಟಿ (ಅದರ 30% ಎಂದರೆ ಖಾತರಿಯ 12 ಕೋಟಿ) ದಾಟಿದ ಮೇಲಷ್ಟೇ ಹೆಚ್ಚುವರಿ ಪಾಲು. ಈ ಉದಾಹರಣೆಯಲ್ಲಿ ಅದು ಹನ್ನೆರಡನೆಯ ತಿಂಗಳಿನ 60 ಲಕ್ಷ. ಒಪ್ಪಂದದ ವರ್ಷ ಮತ್ತು ಲೆಕ್ಕದ ವರ್ಷ ಬೇರೆಯಾದರೆ ತೊಡಕು ಇಮ್ಮಡಿ, ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ನಮೂದಿಸಲು ಬರಬೇಕು.

ಖಾತರಿಯ ಮೊತ್ತವೇ ಪ್ರಯಾಣಿಕರ ಸಂಖ್ಯೆಗೆ ತಕ್ಕಂತೆ ಏರಿಳಿಯುವುದಾದರೆ ಅದು ಸ್ಥಿರ ಬಾಡಿಗೆಯಲ್ಲ, ಸಮನಾಗಿ ಹಂಚುವಂತಿಲ್ಲ. ಖಾತರಿ ಎಂಬ ಹೆಸರು ನೋಡಿ ತಾನಾಗಿ ಹಂಚಿಬಿಡುವ ಮಾಡ್ಯೂಲ್‌ಗಳ ಬಗ್ಗೆ ಎಚ್ಚರ.

ಮುಂಗಡ ಬುಕಿಂಗ್‌ನ ಕಾರ್ ಪಾರ್ಕಿಂಗ್ ಹಣ ಕಾರು ನಿಂತ ದಿನಗಳಿಗೆ ಸೇರಬೇಕು, ಅಲ್ಲಿಯವರೆಗೆ ಅದು ಹೊಣೆ. ಅಂಗಡಿಗಳಿಂದ ವಾಪಸು ಪಡೆಯುವ ವಿದ್ಯುತ್ ವೆಚ್ಚವನ್ನು ಒಟ್ಟಾಗಿ ತೋರಿಸಬೇಕೋ ನಿವ್ವಳವಾಗಿಯೋ ಎಂಬುದು ನಿಲ್ದಾಣವೇ ಪೂರೈಕೆದಾರನೋ ಬರೀ ಮಧ್ಯವರ್ತಿಯೋ ಎಂಬುದರ ಮೇಲೆ ನಿಂತಿದೆ. ತಂತ್ರಾಂಶ ಅದನ್ನು ನಿರ್ಧರಿಸಲಾರದು, ಎರಡಕ್ಕೂ ಅವಕಾಶ ಕೊಟ್ಟರೆ ಸಾಕು. ಐಎಫ್‌ಆರ್‌ಐಸಿ 12ಕ್ಕೆ (ಸರ್ಕಾರದ ಪರವಾನಗಿಯಲ್ಲಿ ಖಾಸಗಿಯವರು ಸಾರ್ವಜನಿಕ ಸೌಲಭ್ಯ ಕಟ್ಟಿ ನಡೆಸುವುದರ ಲೆಕ್ಕದ ನಿಯಮ) ಒಳಪಟ್ಟ ನಿಲ್ದಾಣಗಳು ಟರ್ಮಿನಲ್ ಕಟ್ಟುವ ಕೆಲಸಕ್ಕೂ ನಿರ್ಮಾಣ ಆದಾಯ ತೋರಿಸುತ್ತವೆ. ಇದಕ್ಕೆ ಬಿಲ್ಲೂ ಇಲ್ಲ, ಬಹಳ ಕಡೆ ಲಾಭವೂ ಇಲ್ಲ. ಬಿಲ್ಲಿಂಗ್ ತಂತ್ರಾಂಶಕ್ಕೆ ಇದನ್ನು ತುರುಕುವುದಕ್ಕಿಂತ ಮುಖ್ಯ ಲೆಕ್ಕಪುಸ್ತಕದಲ್ಲೇ ಬರೆಯುವುದು ಮೇಲು.

ಕೊಳ್ಳುವುದೇ ಆದರೆ ಹಳೆಯ ವ್ಯವಸ್ಥೆಯ ಜೊತೆಗೆ ಕನಿಷ್ಠ ಮೂರು ತಿಂಗಳು ಸಮಾನಾಂತರವಾಗಿ ಓಡಿಸಿ, ಅದರೊಳಗೆ ಒಂದು ವರ್ಷಾಂತ್ಯ ಬರಲಿ. ಯಾವುದೇ ಜರ್ನಲ್ ನಮೂದಿನಿಂದ ಹಿಂದಕ್ಕೆ ಹೋಗಿ ಬಿಲ್, ಅಲ್ಲಿಂದ ಆ ಒಂದು ಹಾರಾಟ ಅಥವಾ ಗುತ್ತಿಗೆಯ ಆ ಷರತ್ತಿನವರೆಗೆ ತಲುಪಲು ಆಗಬೇಕು. ಬಿಲ್ಲಿನ ತಾರೀಕು ಮತ್ತು ಆದಾಯದ ತಾರೀಕು ಎರಡು ಬೇರೆ ಕಾಲಂಗಳಾಗಿ ಇವೆಯೇ ಎಂದು ಡೆಮೊದ ಮೊದಲ ಐದು ನಿಮಿಷದಲ್ಲೇ ಕೇಳಿಬಿಡಿ.