ಪುಕ್ಕಟೆ, ತೋಚಿದಷ್ಟು, 500 ರೂಪಾಯಿ: ಸಲಹೆಗೆ ಮೂರನ್ನೂ ಮಾಡಿ ನೋಡಿದೆ

ದಾವಣಗೆರೆಯಲ್ಲಿ ತೆರಿಗೆ ಸಲಹೆಯ ಕೆಲಸ ಶುರು ಮಾಡಿದ ಮೊದಲ ಎರಡು ವರ್ಷ, ಫೋನಿನಲ್ಲಿ ಯಾರು ಏನು ಕೇಳಿದರೂ ದುಡ್ಡು ತಗೊಳ್ಳುತ್ತಿರಲಿಲ್ಲ. ರಿಟರ್ನ್ ಫೈಲ್ ಮಾಡಿಕೊಟ್ಟರೆ ಮಾತ್ರ ಫೀಸು. ಬರೀ ಮಾತಿಗೆ ದುಡ್ಡು ಕೇಳೋದು ಹೇಗೆ ಅನ್ನೋ ಸಂಕೋಚ. "ಅಕ್ಕಾ, ಒಂದೇ ಒಂದು ಡೌಟು" ಅಂತ ಶುರುವಾದ ಕರೆ ಅರ್ಧ ಗಂಟೆ ಹಿಡಿಯುತ್ತಿತ್ತು. ಜುಲೈ ಬಂತೆಂದರೆ ಊಟಕ್ಕೂ ಬಿಡುವಿಲ್ಲ.

ಸಮಯ ಹೋಗಿದ್ದಕ್ಕೆ ಅಷ್ಟು ಬೇಸರವಿಲ್ಲ. ಒಂದು ತಪ್ಪು ಉತ್ತರ ಮಾತ್ರ ಇವತ್ತಿಗೂ ಕಾಡುತ್ತದೆ. ಪರಿಚಯದವರೊಬ್ಬರು ಫೋನ್ ಮಾಡಿ, "60 ಲಕ್ಷಕ್ಕೆ ಸೈಟ್ ತಗೊಳ್ತಿದ್ದೀನಿ, ಟಿಡಿಎಸ್ ಎಷ್ಟು ಹಿಡೀಬೇಕು?" ಅಂದರು. ಟಿಡಿಎಸ್ ಅಂದರೆ ಮಾರುವವರಿಗೆ ದುಡ್ಡು ಕೊಡುವಾಗಲೇ ಕೊಳ್ಳುವವರು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. 50 ಲಕ್ಷ ದಾಟಿದ್ದರೆ ಶೇ 1 ಅಂದುಬಿಟ್ಟೆ. ಮಾರುವವರು ಭಾರತದ ನಿವಾಸಿಯಾಗಿದ್ದರೆ ಆ ಉತ್ತರ ಸರಿ. ಆದರೆ ಸೈಟಿನ ಮಾಲೀಕರು ಅಮೆರಿಕದಲ್ಲಿ ನೆಲೆಸಿದ್ದರು. ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಎನ್‌ಆರ್‌ಐಗಳಿಂದ ಕೊಂಡರೆ ನಿಯಮವೇ ಬೇರೆ. 50 ಲಕ್ಷದ ಮಿತಿಯೂ ಇಲ್ಲ, ದರವೂ ಬಹಳ ಜಾಸ್ತಿ. ಕಡಿಮೆ ಹಿಡಿದರೆ ಇಲಾಖೆ ಕೇಳೋದು ಕೊಂಡವರನ್ನೇ. ನೋಂದಣಿಗೆ ವಾರ ಇರುವಾಗ ಕರಾರು ಪತ್ರ ನನ್ನ ಕೈಗೆ ಬಂತು, ಬಚಾವಾದರು.

ಆಮೇಲೆ "ತೋಚಿದಷ್ಟು ಕೊಡಿ" ಅಂದು ನೋಡಿದೆ. ಮೂರು ತಿಂಗಳಿಗೇ ಬಿಟ್ಟೆ. ಕೊಡುವ ಮನಸ್ಸಿದ್ದವರಿಗೇ ಎಷ್ಟು ಕೊಡಬೇಕೆಂದು ಗೊತ್ತಾಗದೆ ಮುಜುಗರ. ಕಡಿಮೆ ಕೊಟ್ಟೆನೇನೋ ಅಂತ ಒಬ್ಬ ಹಿರಿಯರು ನನ್ನ ಕಡೆ ಬರೋದನ್ನೇ ನಿಲ್ಲಿಸಿದರು.

ಈಗ ಅರ್ಧ ಗಂಟೆಗೆ 500 ರೂಪಾಯಿ. ಬೋರ್ಡಿನಲ್ಲಿ ಬರೆದು ಹಾಕಿದ್ದೇನೆ. ಕೆಲವರು ದೂರವಾದರು. ಸಂಬಂಧಿಕರೊಬ್ಬರು ಮುನಿಸಿಕೊಂಡರು, ಅದು ನೋವಾಯಿತು. ಆದರೆ ಬರುವವರು ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರಯಪತ್ರದ ಜೆರಾಕ್ಸ್ ಹಿಡಿದೇ ಬರುತ್ತಾರೆ. ದುಡ್ಡು ಕೊಟ್ಟವರು ಪೂರ್ತಿ ಕಥೆ ಹೇಳುತ್ತಾರೆ. ತಗೊಂಡ ನಾನೂ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅವರ ಎಐಎಸ್ (ವರ್ಷದ ಆದಾಯ, ವಹಿವಾಟುಗಳ ಬಗ್ಗೆ ಇಲಾಖೆಯ ಬಳಿ ಇರುವ ಪಟ್ಟಿ) ತೆಗೆದು ನೋಡದೆ ಉತ್ತರ ಹೇಳುವುದಿಲ್ಲ. ಮೂರರಲ್ಲಿ ನನಗೆ ನೆಮ್ಮದಿಯ ನಿದ್ದೆ ಕೊಟ್ಟಿದ್ದು ಇದೇ.

ಅಂಗಡಿಯವರಿಗಾದರೆ ವರ್ಷದ ಫೀಸು ಒಳ್ಳೆಯದು. ಜಿಎಸ್‌ಟಿ ರಿಟರ್ನ್‌ಗೆ ಹೇಗೂ ಬರುತ್ತಿರುತ್ತಾರೆ, ಸಲಹೆಯನ್ನೂ ಅದರಲ್ಲೇ ಸೇರಿಸಿದ್ದೇನೆ.

ಪುಕ್ಕಟೆ ಹೇಳೋದನ್ನು ಪೂರ್ತಿ ಬಿಟ್ಟಿಲ್ಲ. ಪಿಂಚಣಿಯಲ್ಲೇ ಬದುಕುವ ಹಿರಿಯರಿಗೆ ಮಂಗಳವಾರ ಸಂಜೆ ಫೀಸು ಇಲ್ಲ. ಆದರೆ ಅವರೂ ಕಾಗದಪತ್ರ ತರಬೇಕು, ಎದುರಿಗೆ ಕೂರಬೇಕು. ಫೋನಿನಲ್ಲಿ ಈಗ ಯಾರಿಗೂ ಉತ್ತರ ಹೇಳುವುದಿಲ್ಲ, ನನ್ನ ತಮ್ಮನಿಗೂ.