ಇಂಡಕ್ಷನ್ ಒಲೆ ತಂದು ಎರಡು ವರ್ಷ: ಬಿಲ್ ಎಷ್ಟು ಏರಿತು?

2023ರ ಡಿಸೆಂಬರಿನಲ್ಲಿ ಶಿರಸಿ ಪೇಟೆಯಿಂದ ಈ ಒಲೆ ತಂದ ದಿನ ಆಯಿ ಕೇಳಿದ್ದು ಒಂದೇ: "ತಮಾ, ಇದು ಕರೆಂಟ್ ಎಷ್ಟು ತಿಂತು?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪೆಟ್ಟಿಗೆಯ ಮೇಲೆ 2000 ವ್ಯಾಟ್ ಎಂದಿದೆ. ಗಂಟೆಗೆ ಎರಡು ಯುನಿಟ್ ಎಂದು ಹೆದರುವವರೇ ಜಾಸ್ತಿ. ಆದರೆ ಯಾರೂ ಗಂಟೆಗಟ್ಟಲೆ ಫುಲ್ಲಿನಲ್ಲಿ ಇಡುವುದಿಲ್ಲ, ಅಲ್ವಾ? ನಮ್ಮ ಮೀಟರಿನ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯುನಿಟ್. ಅದು ಮೀಟರ್ ಮೇಲೇ ಬರೆದಿದೆ. ಒಂದು ಮಧ್ಯಾಹ್ನ ಫ್ರಿಜ್, ಫ್ಯಾನ್ ಎಲ್ಲ ಆಫ್ ಮಾಡಿ, ಒಂದು ಲೀಟರ್ ನೀರು ಕುದಿಯಲು ಇಟ್ಟು, ಜಗಲಿಯಲ್ಲಿ ನಿಂತು ಎಣಿಸಿದೆ. ಕಣ್ಣು ಸೋತು ಕೊನೆಗೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. 340ರ ಆಸುಪಾಸು ಬಂತು. ಅಂದರೆ ಯುನಿಟ್ಟಿನ ಹತ್ತರಲ್ಲೊಂದು ಪಾಲು, ಸುಮಾರು 70 ಪೈಸೆ. ಆಯಿಯ ಕಷಾಯಕ್ಕೆ ಅಷ್ಟೂ ಬೇಡ.

ಹಾಲು, ಕಷಾಯ, ಅನ್ನ, ಸಾರು ಇದರಲ್ಲೇ ಆಗುತ್ತವೆ. ತಿಂಗಳಿಗೆ 30ರಿಂದ 35 ಯುನಿಟ್ ಹೋಗುತ್ತದೆ. ಮೊದಲು ಒಂದೂವರೆ ತಿಂಗಳಿಗೆ ಮುಗಿಯುತ್ತಿದ್ದ ಸಿಲಿಂಡರ್ ಈಗ ಮೂರು ತಿಂಗಳು ಬರುತ್ತದೆ. ತೆಳ್ಳೇವು, ಅಂದರೆ ನಮ್ಮ ತೆಳ್ಳಗಿನ ದೋಸೆ, ಮಾತ್ರ ಗ್ಯಾಸಿನ ಮೇಲೇ. ನಮ್ಮ ದೊಡ್ಡ ಕಾವಲಿ ಇದರ ಮೇಲಿಟ್ಟರೆ ನಡುವೆ ಸೀದು ಸುತ್ತ ಹಸಿ ಉಳಿಯುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನಂತೂ ಇದು ಮೂಸಿಯೂ ನೋಡುವುದಿಲ್ಲ. ಅಯಸ್ಕಾಂತ ಕಚ್ಚುವ ತಳ ಬೇಕು.

ಈಗ ದುಡ್ಡಿನ ಮಾತು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯುನಿಟ್ ಫ್ರೀ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದೆವೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಫ್ರೀ. ನಮ್ಮದು 62 ಇತ್ತು, ಹಾಗಾಗಿ 68. ಒಲೆ ಬಂದ ಮೇಲೆ 95 ದಾಟುತ್ತದೆ. ಹೆಚ್ಚಾದ ಯುನಿಟ್ಟಿಗೆ ಮಾತ್ರ ಬಿಲ್, ತೆರಿಗೆ ಎಲ್ಲ ಸೇರಿ ತಿಂಗಳಿಗೆ 190 ರೂಪಾಯಿ ಚಿಲ್ಲರೆ. ಗ್ಯಾಸಿನಲ್ಲಿ ಉಳಿದದ್ದು ತಿಂಗಳಿಗೆ 290ರ ಹತ್ತಿರ. ನೂರು ರೂಪಾಯಿ ಲಾಭ, ಅಷ್ಟೇ. ಸೊನ್ನೆ ಬಿಲ್ ನೋಡಿ ರೂಢಿಯಾದ ಅಪ್ಪಯ್ಯನಿಗೆ ಆ 190 ಮಾತ್ರ ಕಾಣುತ್ತದೆ. ಸಿಲಿಂಡರ್ ಲೆಕ್ಕ ಹೇಳಿದರೆ ತೋಟದ ಕಡೆ ನಡೆದುಬಿಡುತ್ತಾರೆ.

ಆ ನೂರರಲ್ಲೂ ಒಂದು ತೂತು. ಹೋದ ವರ್ಷ ಏಪ್ರಿಲ್‌ನ ಗುಡುಗು ಮಳೆಗೆ ಪ್ಲಗ್ ತೆಗೆಯಲು ಮರೆತೆ. ಒಳಗಿನ ಬೋರ್ಡ್ ಸುಟ್ಟಿತು. ಹುಬ್ಬಳ್ಳಿಯಿಂದ ಪಾರ್ಟ್ ಬರಲು ಹದಿನೈದು ದಿನ, ಖರ್ಚು 1,150 ರೂಪಾಯಿ. ಒಂದು ವರ್ಷದ ಉಳಿತಾಯ ಅಲ್ಲಿಗೇ ಹೋಯಿತು. ಇನ್ನು ಮಳೆಗಾಲ. ಕೈಗಾದಲ್ಲಿ ಅಣುಸ್ಥಾವರ, ಕಾಳಿ ನದಿಗೆ ಸಾಲು ಅಣೆಕಟ್ಟು ಇಟ್ಟುಕೊಂಡ ಜಿಲ್ಲೆ ನಮ್ಮದು. ಆದರೂ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಮನೆಯ ಇನ್ವರ್ಟರ್ ಈ ಒಲೆಯನ್ನು ಎಳೆಯುವುದಿಲ್ಲ. ವೋಲ್ಟೇಜ್ ಇಳಿದ ಸಂಜೆ ಒಲೆ ಕುಂಯ್ ಎಂದು ಕೂಗಿ ತಾನೇ ನಿಲ್ಲುತ್ತದೆ. ಗ್ಯಾಸ್ ಬಿಟ್ಟುಬಿಡುವ ಯೋಚನೆ ನಮ್ಮ ಕಡೆಯವರಿಗೆ ಬೇಡ.

ನಿಜವಾಗಿ ಪೆಟ್ಟು ತಿಂದವಳು ಕಾರವಾರದ ಅಕ್ಕ. ಅವಳಿಗೆ 187 ಯುನಿಟ್ ಫ್ರೀ. ನಾನು ಹೊಗಳಿದ್ದು ಕೇಳಿ ಅವಳೂ ತಂದಳು. ಮೇ ತಿಂಗಳ ಸೆಕೆ, ರಾತ್ರಿಯಿಡೀ ಎಸಿ, ಬೆಳಗ್ಗೆ ಇಂಡಕ್ಷನ್. ಮೀಟರ್ 205ಕ್ಕೆ ಹೋಯಿತು. 200 ದಾಟಿದರೆ ಹೆಚ್ಚಿನದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು, ನಿಗದಿತ ಶುಲ್ಕವೂ ಸೇರಿ. ಐದು ಯುನಿಟ್ಟಿಗಾಗಿ 1,600 ದಾಟಿದ ಬಿಲ್! ಒಂದು ವಾರ ನನ್ನ ಫೋನ್ ಎತ್ತಲಿಲ್ಲ.

ಈಗ ಬಿಲ್ ಬಂದ ದಿನದ ರೀಡಿಂಗನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ. ಲೆಕ್ಕ 180ಕ್ಕೆ ಬಂತೋ, ಒಲೆಯ ಮೇಲೊಂದು ಬಟ್ಟೆ ಮುಚ್ಚಿ ಗ್ಯಾಸ್ ಹಚ್ಚುತ್ತಾಳೆ.